ದಾಳಿಂಬೆ ತೋಟದ ಹನಿ ನೀರಾವರಿ: ಕೊನೆಯ ಸಾಲುಗಳಿಗೆ ನೀರು ಸಾಲುತ್ತಿಲ್ಲ, ಕಾಯಿ ಸೀಳುತ್ತಿದೆ. ಏನು ಮಾಡಬೇಕು?

ಪ್ರಶ್ನೆ: ಹೊಸದುರ್ಗದ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನಲ್ಲಿ ನಮ್ಮದು ಮೂರು ಎಕರೆ ದಾಳಿಂಬೆ ತೋಟ. ತಳಿ ಭಗವಾ. ಸಾಲಿನಿಂದ ಸಾಲಿಗೆ ನಾಲ್ಕೂವರೆ ಮೀಟರ್, ಗಿಡದಿಂದ ಗಿಡಕ್ಕೆ ಮೂರು ಮೀಟರ್ ಅಂತರವಿದ್ದು, ಒಟ್ಟು ಸುಮಾರು 900 ಗಿಡಗಳಿವೆ. ಗಿಡಗಳಿಗೆ ಈಗ ನಾಲ್ಕು ವರ್ಷ ತುಂಬಿದೆ. ಮಣ್ಣು ಗರಸು ಮಿಶ್ರಿತ ಕೆಂಪು ಮಣ್ಣು. ಪ್ರತಿ ಗಿಡಕ್ಕೆ ಗಂಟೆಗೆ 4 ಲೀಟರ್ ನೀರು ಕೊಡುವ ಎರಡು ಡ್ರಿಪ್ಪರ್‌ಗಳಿವೆ. ಕೊಳವೆಬಾವಿಯ ನೀರು ಸ್ಕ್ರೀನ್ ಫಿಲ್ಟರ್ ದಾಟಿ ನೇರವಾಗಿ ಪೈಪುಗಳಿಗೆ ಹೋಗುತ್ತದೆ; ನಡುವೆ ತೊಟ್ಟಿಯಾಗಲಿ ಕೃಷಿ ಹೊಂಡವಾಗಲಿ ಇಲ್ಲ. ಎಕರೆಗೊಂದರಂತೆ ಮೂರು ವಾಲ್ವ್‌ಗಳಿವೆ. ತೋಟ ಮಾಡಿದಾಗಿನಿಂದ ಮೂರನ್ನೂ ಒಟ್ಟಿಗೆ ತೆರೆದು ನೀರು ಬಿಡುವುದು ರೂಢಿ.

ಮೊದಲ ಎರಡು ವರ್ಷ ಯಾವ ತೊಂದರೆಯೂ ಇರಲಿಲ್ಲ. ಈಚೆಗೆ ತೋಟದ ಹಿಂಬದಿಯ ಸಾಲುಗಳ ಗಿಡಗಳು ಮುಂದಿನ ಸಾಲುಗಳ ಗಿಡಗಳಿಗಿಂತ ಸ್ಪಷ್ಟವಾಗಿ ಸಣ್ಣದಾಗಿ ಉಳಿದಿವೆ, ಮಧ್ಯಾಹ್ನದ ಹೊತ್ತಿಗೆ ಅವುಗಳ ಎಲೆ ಬಾಡಿದಂತೆ ಕಾಣುತ್ತದೆ. ಹಿಂಬದಿಯ ನೆಲ ಮುಂಭಾಗಕ್ಕಿಂತ ತುಸು ಎತ್ತರವಾಗಿದೆ ಎಂಬುದನ್ನೂ ಹೇಳಬೇಕು. ಕಳೆದ ಫಸಲಿನಲ್ಲಿ ಕಾಯಿ ಬಣ್ಣ ತಿರುಗುವ ಹೊತ್ತಿಗೆ ಅದೇ ಸಾಲುಗಳಲ್ಲಿ ಹೆಚ್ಚು ಕಾಯಿಗಳು ಸೀಳಿದವು. ಡ್ರಿಪ್ಪರ್‌ಗಳ ಬಾಯಲ್ಲಿ ಬಿಳಿ ಪದರ ಕಟ್ಟಿರುವುದೂ ಕಣ್ಣಿಗೆ ಬಿದ್ದಿದೆ.

ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನೀರು ಬಿಡುವ ಸಮಯ ಹೆಚ್ಚಿಸಿ ಎನ್ನುವವರು ಕೆಲವರಾದರೆ, ಗಿಡದ ಸಾಲಿನುದ್ದಕ್ಕೂ ಹಾಸಿದ ಲ್ಯಾಟರಲ್ ಪೈಪುಗಳನ್ನೆಲ್ಲ ಕಿತ್ತು ಹೊಸದು ಹಾಕಿ ಎನ್ನುವವರು ಇನ್ನು ಕೆಲವರು. ನಮಗೆ ತ್ರೀ ಫೇಸ್ ವಿದ್ಯುತ್ ಸಿಗುವುದೇ ದಿನಕ್ಕೆ ಏಳು ಗಂಟೆ, ಅದೂ ಹಗಲಿಗೆ ಅರ್ಧ, ರಾತ್ರಿಗೆ ಅರ್ಧ. ಆದ್ದರಿಂದ ಸಮಯ ಹೆಚ್ಚಿಸಲು ಅವಕಾಶವಿಲ್ಲ. ಹೊಸ ಪೈಪಿಗೆ ಹಣ ಹಾಕುವ ಮೊದಲು ತಿಳಿದವರ ಮಾತು ಕೇಳೋಣವೆಂದು ಬರೆಯುತ್ತಿದ್ದೇನೆ. ನಾಲ್ಕು ವರ್ಷದ ಒಂದು ಗಿಡಕ್ಕೆ ದಿನಕ್ಕೆ ನಿಜವಾಗಿ ಎಷ್ಟು ನೀರು ಬೇಕು ಎಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ: ಕುಷ್ಟಗಿಯ ದಾಳಿಂಬೆ ಬೆಳೆಗಾರ

ಪೈಪು ಬದಲಿಸುವ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ ಅಣ್ಣಾ, ಮೊದಲು ಅಳತೆ ಮಾಡಿ. ಕೊನೆಯ ಸಾಲಿಗೆ ನೀರು ಕಡಿಮೆ ಬೀಳಲು ಕಾರಣ ಒತ್ತಡ ಸಾಲದಿರುವುದೋ ಡ್ರಿಪ್ಪರ್ ಕಟ್ಟಿಕೊಂಡಿರುವುದೋ ಎಂಬುದು ಕಣ್ಣಂದಾಜಿನಲ್ಲಿ ತಿಳಿಯುವುದಿಲ್ಲ. ಎರಡರ ಲಕ್ಷಣವೂ ಹೊರಗಿನಿಂದ ಒಂದೇ ತೆರನಾಗಿ ಕಾಣುತ್ತದೆ, ಪರಿಹಾರ ಮಾತ್ರ ಪೂರ್ತಿ ಬೇರೆ.

ಗಂಟೆಗೆ 4 ಲೀಟರ್‌ನ ಡ್ರಿಪ್ಪರ್ ಸರಿಯಾದ ಒತ್ತಡದಲ್ಲಿ, ಅಂದರೆ ಚದರ ಸೆಂಟಿಮೀಟರ್‌ಗೆ ಸುಮಾರು ಒಂದು ಕೆ.ಜಿ. ಒತ್ತಡದಲ್ಲಿ, ನಿಮಿಷಕ್ಕೆ 66–67 ಮಿಲಿಲೀಟರ್ ನೀರು ಕೊಡಬೇಕು. ಕೆಮ್ಮಿನ ಔಷಧದ ಜೊತೆ ಬರುವ ಗುರುತು ಹಾಕಿದ ಸಣ್ಣ ಲೋಟ ಅಳತೆಗೆ ಸಾಲುವುದಿಲ್ಲ, ನೂರು ಮಿಲಿಲೀಟರ್‌ನ ಅಳತೆ ಜಾಡಿಯೊಂದನ್ನು ತನ್ನಿ. ನೀರು ಬಿಟ್ಟು ಹತ್ತು ಹದಿನೈದು ನಿಮಿಷ ಕಳೆದು, ಪೈಪುಗಳಲ್ಲಿ ಗಾಳಿ ಹೋಗಿ ಹರಿವು ಸ್ಥಿರವಾದ ಮೇಲೆ, ಮೊದಲ ಸಾಲು, ಮೂರನೇ ಒಂದು ಭಾಗದಲ್ಲಿರುವ ಸಾಲು, ಮೂರನೇ ಎರಡು ಭಾಗದಲ್ಲಿರುವ ಸಾಲು ಮತ್ತು ಕೊನೆಯ ಸಾಲನ್ನು ಆರಿಸಿಕೊಳ್ಳಿ. ಒಂದೊಂದು ಸಾಲಿನಲ್ಲಿಯೂ ಇದೇ ರೀತಿ ನಾಲ್ಕು ಕಡೆ, ಒಂದು ನಿಮಿಷ ಜಾಡಿ ಹಿಡಿದು ಬರೆದುಕೊಳ್ಳಿ. ಹದಿನಾರು ಅಂಕಿ ಸಿಗುತ್ತವೆ. ಅವುಗಳಲ್ಲಿ ತೀರ ಕಡಿಮೆ ಬಂದ ನಾಲ್ಕರ ಸರಾಸರಿಯನ್ನು ಹದಿನಾರರ ಸರಾಸರಿಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ನಿಮ್ಮ ತೋಟದಲ್ಲಿ ನೀರು ಎಷ್ಟು ಸಮನಾಗಿ ಹಂಚಿಕೆಯಾಗುತ್ತಿದೆ ಎಂಬುದು ಶೇಕಡಾವಾರು ಗೊತ್ತಾಗುತ್ತದೆ. 90ಕ್ಕಿಂತ ಮೇಲಿದ್ದರೆ ಬಹಳ ಒಳ್ಳೆಯದು, 80ರ ಮೇಲಿದ್ದರೆ ಒಳ್ಳೆಯದು, 70ಕ್ಕಿಂತ ಕೆಳಗೆ ಇಳಿದರೆ ದೋಷ ಹುಡುಕಲೇಬೇಕು.

ಅದರ ಜೊತೆಗೆ ಕೊಳವೆಬಾವಿ ಈಗ ಎಷ್ಟು ನೀರು ಕೊಡುತ್ತಿದೆ ಎಂಬುದನ್ನೂ ನೋಡಿ. ಮೋಟಾರ್ ಹಚ್ಚಿ ಅರ್ಧ ಗಂಟೆ ಓಡಿದ ಮೇಲೆ 200 ಲೀಟರ್ ಡ್ರಮ್ ತುಂಬಲು ಎಷ್ಟು ಹೊತ್ತು ಬೇಕಾಯಿತೆಂದು ಗಡಿಯಾರ ಹಿಡಿದು ನೋಡಿದರೆ ಸಾಕು. ಹಚ್ಚಿದ ಕೂಡಲೇ ಅಳೆದರೆ ಬಾವಿಯಲ್ಲಿ ನಿಂತ ನೀರು ಮೇಲೆ ಬಂದು ಲೆಕ್ಕ ತಪ್ಪುತ್ತದೆ.

ಮೂರೂ ವಾಲ್ವ್ ಒಟ್ಟಿಗೆ ತೆರೆಯುವುದಾಗಿ ಬರೆದಿದ್ದೀರಿ. ನನ್ನ ಅನುಮಾನ ಅಲ್ಲಿಯೇ ಇದೆ. ಆದರೆ ಅಂಕಿ ಬರಲಿ, ಆಮೇಲೆ ಮಾತನಾಡೋಣ.

ಹೊಸದುರ್ಗದ ಬೆಳೆಗಾರ

ತಾವು ಹೇಳಿದಂತೆ ಅಳತೆ ಮಾಡಿದೆ. ಮುಂದಿನ ಸಾಲುಗಳಲ್ಲಿ ನಿಮಿಷಕ್ಕೆ ಸುಮಾರು 45 ಮಿಲಿಲೀಟರ್, ನಡುವಿನ ಸಾಲುಗಳಲ್ಲಿ 25ರಿಂದ 30, ಕೊನೆಯ ಸಾಲಿನಲ್ಲಿ 12ರ ಆಸುಪಾಸು ಬಂದಿದೆ. ಅಲ್ಲಲ್ಲಿ ಏನೂ ಬಾರದ ಡ್ರಿಪ್ಪರ್‌ಗಳೂ ಇವೆ. ಮೊದಲ ಸಾಲಿನಲ್ಲಿಯೂ 66 ಬರುತ್ತಿಲ್ಲ ಎಂಬುದು ನನಗೆ ಆಶ್ಚರ್ಯ ತಂದಿತು. 200 ಲೀಟರ್ ಡ್ರಮ್ ತುಂಬಲು ನಾಲ್ಕು ನಿಮಿಷಕ್ಕೆ ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು. ಬಾವಿ ಕೊರೆಸಿದಾಗ ಮೂರು ಇಂಚು ನೀರು ಬಿದ್ದಿತ್ತು, ಈಗ ಎರಡು ಇಂಚಿಗೆ ಇಳಿದಿದೆ ಎಂದು ಮೋಟಾರ್ ಇಳಿಸುವವರು ಹೇಳುತ್ತಾರೆ. ಮೂರರಲ್ಲಿ ಒಂದು ಪಾಲು ಕಡಿಮೆಯಾದರೆ ಇಷ್ಟೊಂದು ವ್ಯತ್ಯಾಸ ಬರುತ್ತದೆಯೇ?

ಉತ್ತರ: ನಿವೃತ್ತ ತೋಟಗಾರಿಕೆ ಅಧಿಕಾರಿ, ತುಮಕೂರು

ನಿಮ್ಮ ತೊಂದರೆಯ ಮೂಲ ಈ ಕೊನೆಯ ವಾಕ್ಯದಲ್ಲಿಯೇ ಇದೆ. ಕೊಳವೆಬಾವಿಯ ನೀರನ್ನು ಇಂಚಿನಲ್ಲಿ ಹೇಳುವಾಗ ಅದು ಅಳತೆ ತಗಡಿನಲ್ಲಿ ಕತ್ತರಿಸಿದ ವಿ ಆಕಾರದ ಕಚ್ಚಿನ ಮೂಲಕ ಹರಿಯುವ ನೀರಿನ ಎತ್ತರವೇ ಹೊರತು ನೀರಿನ ಪ್ರಮಾಣವಲ್ಲ. ಕಚ್ಚಿನಲ್ಲಿ ನೀರು ಮೇಲೇರಿದಂತೆ ಅದರ ಅಗಲವೂ ಹೆಚ್ಚುವುದರಿಂದ, ಮೂರು ಇಂಚು ಎರಡು ಇಂಚಿಗೆ ಇಳಿದರೆ ನೀರು ಮೂರನೇ ಒಂದು ಪಾಲು ಕಡಿಮೆಯಾಗುವುದಿಲ್ಲ. ಹೆಚ್ಚುಕಡಿಮೆ ಮೂರನೇ ಎರಡು ಪಾಲು ಹೋಗಿಬಿಡುತ್ತದೆ. 90 ಡಿಗ್ರಿ ಕಚ್ಚಿನಲ್ಲಿ ಮೂರು ಇಂಚು ಎಂದರೆ ಗಂಟೆಗೆ ಸುಮಾರು 7,900 ಲೀಟರ್, ಎರಡು ಇಂಚು ಎಂದರೆ ಸುಮಾರು 2,900 ಲೀಟರ್. ನಿಮ್ಮ ಡ್ರಮ್ಮಿನ ಲೆಕ್ಕವೂ 2,900 ಲೀಟರ್‌ಗೆ ಹೊಂದಿಕೊಳ್ಳುತ್ತದೆ. ನೀರು ಇಳಿದಿರುವುದನ್ನು ಇಂಚಿನಲ್ಲಿ ಕೇಳಿ ಸಮಾಧಾನಪಟ್ಟುಕೊಂಡು, ತೋಟ ಒಣಗುವುದಕ್ಕೆ ಬೇರೆ ಕಾರಣ ಹುಡುಕುವವರನ್ನು ಬಹಳ ಕಂಡಿದ್ದೇನೆ. ಆದ್ದರಿಂದ ಇದನ್ನು ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಈಗ ಬೇಡಿಕೆಯನ್ನು ನೋಡಿ. 900 ಗಿಡಕ್ಕೆ ಗಂಟೆಗೆ 8 ಲೀಟರ್‌ನಂತೆ 7,200 ಲೀಟರ್ ಬೇಕು. ಬಾವಿ ಮೂರು ಇಂಚು ಕೊಡುತ್ತಿದ್ದಾಗ ಮೂರು ವಾಲ್ವ್ ಒಟ್ಟಿಗೆ ತೆರೆದರೂ ನಡೆಯುತ್ತಿತ್ತು, ವಿನ್ಯಾಸ ಮಾಡಿದವರು ಸರಿಯಾಗಿಯೇ ಮಾಡಿದ್ದಾರೆ. ಈಗ 2,900 ಲೀಟರ್ ನೀರನ್ನು 1,800 ಡ್ರಿಪ್ಪರ್‌ಗಳಿಗೆ ಹಂಚಿದರೆ ತಲಾ ನಿಮಿಷಕ್ಕೆ 27 ಮಿಲಿಲೀಟರ್ ಬರುತ್ತದೆ. ನಡುವಿನ ಸಾಲುಗಳಲ್ಲಿ ನಿಮಗೆ ಸಿಕ್ಕಿದ್ದೂ ಅಷ್ಟೇ. ಪೈಪಿನಲ್ಲಿ ಒತ್ತಡವೇ ಕಟ್ಟುತ್ತಿಲ್ಲ. ಒತ್ತಡವಿಲ್ಲದ ನೀರು ತಗ್ಗಿನ ಮತ್ತು ಹತ್ತಿರದ ಡ್ರಿಪ್ಪರ್‌ಗಳಲ್ಲಿ ಸೋರಿಹೋಗಿ ಎತ್ತರದ ಹಿಂಬದಿಯನ್ನು ತಲುಪುವುದಿಲ್ಲ. ನಾಳೆಯಿಂದಲೇ ಒಂದು ಸಲಕ್ಕೆ ಒಂದೇ ವಾಲ್ವ್ ತೆರೆಯಿರಿ. ಒಂದು ಎಕರೆಗೆ ಬೇಕಾಗುವುದು 2,400 ಲೀಟರ್, ಬಾವಿಯಲ್ಲಿ ಅಷ್ಟು ಇದೆ, ಒತ್ತಡ ತಾನಾಗಿ ಏರುತ್ತದೆ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಫಿಲ್ಟರ್‌ನ ಎರಡೂ ಬದಿಗೆ ಒತ್ತಡ ಮಾಪಕ ಇರಲಿ. ಒಳ ಬರುವ ಮತ್ತು ಹೊರ ಹೋಗುವ ಒತ್ತಡದ ನಡುವೆ ಅರ್ಧ ಕೆ.ಜಿ.ಯಷ್ಟು ಅಂತರ ಬರುವ ಮೊದಲೇ ಜಾಲರಿ ತೊಳೆಯಬೇಕು.

ಗಿಡಕ್ಕೆ ಎಷ್ಟು ನೀರು ಬೇಕೆಂಬ ಪ್ರಶ್ನೆಗೆ ವರ್ಷವಿಡೀ ಸಲ್ಲುವ ಒಂದೇ ಉತ್ತರ ಇಲ್ಲ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ಎಂದರೆ ಒಂದು ಲೀಟರ್ ಎಂಬುದನ್ನು ನೆನಪಿಟ್ಟುಕೊಂಡರೆ ಲೆಕ್ಕ ಸುಲಭ. ನಿಮ್ಮ ಗಿಡದ ನೆರಳಿನ ಅಗಲ ಎರಡೂವರೆ ಮೀಟರ್ ಇದೆಯೆಂದು ಇಟ್ಟುಕೊಳ್ಳೋಣ, ಆಗ ಅದರ ವಿಸ್ತೀರ್ಣ ಸುಮಾರು 4.9 ಚದರ ಮೀಟರ್. ಏಪ್ರಿಲ್‌ನ ಬಿರುಬಿಸಿಲಿನಲ್ಲಿ ಬಾಷ್ಪೀಕರಣದ ಬಾಣಲೆಯಲ್ಲಿ (ನೀರು ಎಷ್ಟು ಆವಿಯಾಗುತ್ತದೆಂದು ಅಳೆಯಲು ಬಯಲಿನಲ್ಲಿಡುವ ತೆರೆದ ಪಾತ್ರೆ) ದಿನಕ್ಕೆ 8 ಮಿಲಿಮೀಟರ್ ಆವಿಯಾದರೆ, ಬಾಣಲೆಯ ಗುಣಕ 0.7, ಕಾಯಿ ತುಂಬಿದ ಬೆಳೆಯ ಗುಣಕ 0.8 ಎಂದು ಹಿಡಿದು ಗುಣಿಸಿದಾಗ 22 ಲೀಟರ್ ಬರುತ್ತದೆ. ಹನಿ ನೀರಾವರಿಯಲ್ಲಿಯೂ ಹತ್ತರಲ್ಲಿ ಒಂದು ಪಾಲು ನಷ್ಟವಾಗುತ್ತದೆಂದು ಸೇರಿಸಿದರೆ ಸುಮಾರು 24 ಲೀಟರ್. ಅದೇ ಗಿಡಕ್ಕೆ ಚಳಿಗಾಲದಲ್ಲಿ ಬಾಷ್ಪೀಕರಣ ನಾಲ್ಕೂವರೆ ಮಿಲಿಮೀಟರ್‌ಗೆ ಇಳಿದಾಗ 14 ಲೀಟರ್ ಸಾಕು. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿದರೆ ನಿಮ್ಮ ಭಾಗದ ಬಾಷ್ಪೀಕರಣದ ಅಂಕಿ ಸಿಗುತ್ತದೆ, ಅದನ್ನು ಹಾಕಿ ಇದೇ ಲೆಕ್ಕ ಮಾಡಿಕೊಳ್ಳಿ.

ಏಳು ಗಂಟೆಯ ವಿದ್ಯುತ್ತನ್ನು ಮೂರು ಎಕರೆಗೆ ಹಂಚಿದರೆ ಎಕರೆಗೆ ಎರಡು ಗಂಟೆ ಇಪ್ಪತ್ತು ನಿಮಿಷ, ಅಂದರೆ ಗಿಡಕ್ಕೆ 18ರಿಂದ 19 ಲೀಟರ್ ಸಿಗುತ್ತದೆ. ಚಳಿಗಾಲಕ್ಕೆ ಇದು ಧಾರಾಳ, ಕಡು ಬೇಸಿಗೆಗೆ ಕೊರತೆ. ಆದ್ದರಿಂದ ಯಾವ ಬಹಾರ್, ಅಂದರೆ ಯಾವ ಹಂಗಾಮಿನ ಹೂವಿನ ಫಸಲು, ಹಿಡಿಯಬೇಕೆಂಬುದನ್ನು ಬಾವಿಯನ್ನು ನೋಡಿ ನಿರ್ಧರಿಸಬೇಕು. ಜನವರಿ–ಫೆಬ್ರವರಿಯಲ್ಲಿ ಹೂ ಬಿಡಿಸುವ ಅಂಬೆ ಬಹಾರ್‌ನಲ್ಲಿ ಕಾಯಿ ಬೆಳೆಯುವುದೇ ಏಪ್ರಿಲ್–ಮೇ ತಿಂಗಳಲ್ಲಿ. ಎರಡು ಇಂಚಿನ ಬಾವಿ ನೆಚ್ಚಿಕೊಂಡು ಮೂರು ಎಕರೆಗೆ ಅದು ಕಷ್ಟ. ಜೂನ್–ಜುಲೈಯ ಮೃಗ ಬಹಾರ್‌ಗೆ ನೀರಿನ ಚಿಂತೆ ಕಡಿಮೆ, ಆದರೆ ಮಳೆಯ ತೇವದಲ್ಲಿ ದುಂಡಾಣು ಅಂಗಮಾರಿ ರೋಗದ ಹಾವಳಿ ಹೆಚ್ಚು. ಸೆಪ್ಟೆಂಬರ್–ಅಕ್ಟೋಬರ್‌ನ ಹಸ್ತ ಬಹಾರ್‌ನಲ್ಲಿ ಬಿಸಿಲು ತೀರ ಏರುವ ಮೊದಲು ಕೊಯ್ಲು ಮುಗಿಯುವುದರಿಂದ ನಿಮ್ಮ ನೀರಿಗೆ ಅದು ಒಗ್ಗೀತೆಂದು ನನಗೆ ಅನಿಸುತ್ತದೆ. ಅದಕ್ಕೂ ಒಂದು ತೊಡಕಿದೆ. ಹೂ ಬಿಡಿಸಲು ನೀರು ನಿಲ್ಲಿಸಿ ಗಿಡಕ್ಕೆ ವಿಶ್ರಾಂತಿ ಕೊಡುವ ಹೊತ್ತಿಗೆ ಮಳೆ ಬಂದರೆ ಗಿಡ ಒಣಗುವುದಿಲ್ಲ. ನಿಮ್ಮದು ಬೇಗ ಬಸಿದುಹೋಗುವ ಗರಸು ಮಣ್ಣಾದ್ದರಿಂದ ಎರೆ ಭೂಮಿಯವರಿಗಿರುವಷ್ಟು ಆತಂಕ ನಿಮಗಿಲ್ಲ. ವಿಶ್ರಾಂತಿ ಮುಗಿದ ಮೇಲೆ ಮೊದಲ ನೀರನ್ನು ಹಗುರವಾಗಿ ಕೊಟ್ಟು, ಚಿಗುರು ಮತ್ತು ಮೊಗ್ಗು ಕಂಡಂತೆ ಹೆಚ್ಚಿಸುತ್ತಾ ಹೋಗಿ. ಒಮ್ಮೆಗೇ ತುಂಬ ನೀರು ಕೊಟ್ಟರೆ ಗಿಡ ಚಿಗುರಿನ ಕಡೆ ತಿರುಗುತ್ತದೆ.

ಕಾಯಿ ಸೀಳುವ ವಿಷಯ. ನೀರಿನ ಕೊರತೆಯಲ್ಲಿ ಬೆಳೆದ ಕಾಯಿಯ ಸಿಪ್ಪೆ ಗಡಸಾಗುತ್ತದೆ, ಹಿಗ್ಗುವ ಗುಣ ಕಳೆದುಕೊಳ್ಳುತ್ತದೆ. ಅಂಥ ಹೊತ್ತಿನಲ್ಲಿ ಒಂದು ಮಳೆ ಬಿದ್ದರೆ, ಅಥವಾ ಕೆಟ್ಟ ಟ್ರಾನ್ಸ್‌ಫಾರ್ಮರ್ ಸರಿಯಾದ ಸಂತೋಷದಲ್ಲಿ ಇಡೀ ದಿನ ನೀರು ಬಿಟ್ಟರೆ, ಒಳಗಿನ ಕಾಳುಗಳು ಬೇಗ ಉಬ್ಬುತ್ತವೆ, ಸಿಪ್ಪೆ ಅವುಗಳ ಜೊತೆ ಹಿಗ್ಗಲಾರದೆ ಬಿರಿಯುತ್ತದೆ. ಬೋರಾನ್ ಮತ್ತು ಸುಣ್ಣದ ಅಂಶಗಳ ಕೊರತೆಯೂ ಸೇರಿಕೊಳ್ಳುತ್ತದೆ ನಿಜ. ಆದರೆ ತೋಟದಲ್ಲೆಲ್ಲ ಒಂದೇ ಗೊಬ್ಬರ ಕೊಟ್ಟೂ ಕೊನೆಯ ಸಾಲುಗಳಲ್ಲಿ ಮಾತ್ರ ಹೆಚ್ಚು ಸೀಳುತ್ತಿರುವುದರಿಂದ ಮೊದಲು ಸರಿಪಡಿಸಬೇಕಾದದ್ದು ನೀರು, ಬೋರಾನ್ ಸಿಂಪಡಣೆ ಆಮೇಲಿನ ಮಾತು. ವಿದ್ಯುತ್ ಕೈಕೊಟ್ಟು ನಾಲ್ಕಾರು ದಿನ ನೀರು ತಪ್ಪಿದರೆ, ತಪ್ಪಿದ್ದನ್ನೆಲ್ಲ ಒಂದೇ ದಿನ ತುಂಬಿಕೊಡಲು ಹೋಗಬೇಡಿ; ಮೊದಲ ದಿನ ಎಂದಿನ ಪ್ರಮಾಣದ ಅರ್ಧ ಕೊಟ್ಟು ನಾಲ್ಕೈದು ದಿನಗಳಲ್ಲಿ ಎಂದಿನ ಲೆಕ್ಕಕ್ಕೆ ತನ್ನಿ.

ಬುಡದ ಸುತ್ತ ಕಳೆ, ಒಣ ಹುಲ್ಲು, ರೋಗವಿಲ್ಲದ ಬೇರೆ ಬೆಳೆಯ ಉಳಿಕೆಗಳನ್ನು ಹೊದಿಕೆ ಹಾಕಿ. ಬೇಸಿಗೆಯ ಕೊರತೆಯನ್ನು ಅದು ಸ್ವಲ್ಪಮಟ್ಟಿಗೆ ತುಂಬಿಕೊಡುತ್ತದೆ. ಕಾಂಡಕ್ಕೆ ಮಾತ್ರ ತಾಗಿಸಬೇಡಿ.

ಹೊಸದುರ್ಗದ ಬೆಳೆಗಾರ

ಇಷ್ಟು ಸವಿವರವಾಗಿ ತಿಳಿಸಿದ ತಮ್ಮಿಬ್ಬರಿಗೂ ಕೃತಜ್ಞತೆಗಳು ಸರ್. ಒಂದೊಂದೇ ವಾಲ್ವ್ ತೆರೆದು ಮತ್ತೆ ಅಳೆದೆ. ಬಹಳಷ್ಟು ಸಾಲುಗಳಲ್ಲಿ ಈಗ ನಿಮಿಷಕ್ಕೆ 60ರಿಂದ 65 ಮಿಲಿಲೀಟರ್ ಬರುತ್ತಿದೆ, ಹಿಂಬದಿಯ ಕೆಲವು ಸಾಲುಗಳಲ್ಲಿಯೂ ಹಾಗೆಯೇ. ಆದರೆ ಅದೇ ಸಾಲಿನಲ್ಲಿ, ಒಂದರ ಪಕ್ಕದ ಒಂದು ಡ್ರಿಪ್ಪರ್‌ನಲ್ಲಿ 30 ಮಾತ್ರ ಬರುವುದೂ ಇದೆ. ಬಿಚ್ಚಿ ನೋಡಿದರೆ ಒಳಗೆ ಉಪ್ಪಿನ ಹರಳಿನಂಥ ಬಿಳಿ ಪದರ ಕೂತಿದೆ, ಉಗುರಿನಿಂದ ಕೆರೆದರೂ ಬರುವುದಿಲ್ಲ. ಆಸಿಡ್ ಬಿಡಬೇಕೆಂದು ಕೆಲವರು ಹೇಳುತ್ತಾರೆ. ಗಿಡಕ್ಕೆ ಅದರಿಂದ ಅಪಾಯವಿಲ್ಲವೇ?

ಉತ್ತರ: ಡ್ರಿಪ್ ದುರಸ್ತಿ ಕೆಲಸದವರು, ಶಿರಾ

ಅಣ್ಣಾವ್ರೇ, ಒತ್ತಡ ಸರಿಯಾದ ಮೇಲೆ ಉಳಿದ ಈ ಅಸಮತೆ ಕಟ್ಟಿಕೊಂಡದ್ದರಿಂದಲೇ ಆದದ್ದು, ಅನುಮಾನ ಬೇಡ. ಯಾವುದರಿಂದ ಕಟ್ಟಿಕೊಂಡಿದೆ ಎಂಬುದನ್ನು ಖಚಿತಪಡಿಸಿಕೊಂಡು ಔಷಧ ಆರಿಸಬೇಕು. ಕೆಟ್ಟ ಡ್ರಿಪ್ಪರ್ ಒಂದನ್ನು ಕತ್ತರಿಸಿ ಬಿಳಿ ಪದರದ ಮೇಲೆ ಒಂದು ಹನಿ ಆಸಿಡ್ ಬಿಡಿ. ಬುಸ್ಸೆಂದು ನೊರೆ ಬಂದರೆ ಅದು ಸುಣ್ಣದ ಪದರ. ಗಡಸು ನೀರಿನ ಕೊಳವೆಬಾವಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇದೇ. ಕೈಗೆ ಜಾರುವ ಲೋಳೆಯಂತಿದ್ದರೆ ಅದು ಪಾಚಿ ಅಥವಾ ಸೂಕ್ಷ್ಮಜೀವಿಗಳದ್ದು, ಹೊಂಡದ ನೀರು ಬಳಸುವವರಿಗೆ ಬರುತ್ತದೆ, ಅದಕ್ಕೆ ಕ್ಲೋರಿನ್ ಬೇಕು. ಕೆಂಪು ಮಿಶ್ರಿತ ಕಂದು ಬಣ್ಣವಿದ್ದರೆ ಕಬ್ಬಿಣದ ಅಂಶ. ನಿಮ್ಮ ವರ್ಣನೆ ಸುಣ್ಣಕ್ಕೆ ಹೊಂದುತ್ತದೆ.

ಎಷ್ಟು ಆಸಿಡ್ ಎಂಬುದನ್ನು ಪಕ್ಕದ ತೋಟದವರನ್ನು ಕೇಳಿ ತೀರ್ಮಾನಿಸಬೇಡಿ, ಒಂದೊಂದು ಬಾವಿಗೆ ಒಂದೊಂದು ಲೆಕ್ಕ. ನಿಮ್ಮದೇ ಬಾವಿಯ ಹತ್ತು ಲೀಟರ್ ನೀರನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ತೆಗೆದುಕೊಂಡು, ಹೈಡ್ರೋಕ್ಲೋರಿಕ್ ಆಸಿಡ್ಡನ್ನು ಒಂದೊಂದೇ ಮಿಲಿಲೀಟರ್ ಸೇರಿಸಿ ಕಲಕುತ್ತಾ ಪಿಎಚ್ ಕಾಗದದಲ್ಲಿ ನೋಡುತ್ತಾ ಹೋಗಿ. ಪಿಎಚ್ 4ಕ್ಕೆ ಇಳಿದಾಗ ನಿಲ್ಲಿಸಿ. ಹತ್ತು ಲೀಟರ್‌ಗೆ 7 ಮಿಲಿಲೀಟರ್ ಹಿಡಿಯಿತೆಂದುಕೊಳ್ಳಿ. ಒಂದು ಎಕರೆಯ ಪೈಪುಗಳಲ್ಲಿ ಗಂಟೆಗೆ 2,400 ಲೀಟರ್ ಹರಿಯುವಾಗ ಹದಿನೈದು ನಿಮಿಷಕ್ಕೆ 600 ಲೀಟರ್ ಆಗುತ್ತದೆ, ಅದಕ್ಕೆ ಬೇಕಾಗುವ ಆಸಿಡ್ 420 ಮಿಲಿಲೀಟರ್. ಇದನ್ನು ಪ್ಲಾಸ್ಟಿಕ್ ಡ್ರಮ್ಮಿನ ನೀರಿನಲ್ಲಿ ಬೆರೆಸಿ, ಹದಿನೈದು ನಿಮಿಷದಲ್ಲಿ ಖಾಲಿಯಾಗುವಂತೆ ವೆಂಚುರಿಯ (ಗೊಬ್ಬರ, ಆಸಿಡ್ ದ್ರಾವಣವನ್ನು ಪೈಪಿನೊಳಗೆ ಎಳೆದುಕೊಳ್ಳುವ ಸಾಧನ) ಎಳೆತವನ್ನು ಹೊಂದಿಸಿ. ಕೊನೆಯ ಸಾಲಿನ ಕೊನೆಯ ಡ್ರಿಪ್ಪರ್‌ನಲ್ಲಿ ಪಿಎಚ್ ಕಾಗದ ಹಿಡಿದು, ಅಲ್ಲಿಯೂ 4 ತೋರಿಸಿದ ಮೇಲೆ ಮೋಟಾರ್ ನಿಲ್ಲಿಸಿ. ಸಂಜೆ ಮಾಡಿದರೆ ಒಳ್ಳೆಯದು, ಆಸಿಡ್ ನೀರು ರಾತ್ರಿಯಿಡೀ ಪೈಪಿನಲ್ಲಿ ನಿಂತು ಪದರವನ್ನು ಕರಗಿಸುತ್ತದೆ.

ಬೆಳಿಗ್ಗೆ ತೊಳೆಯುವ ಕೆಲಸವನ್ನು ಅರ್ಧಂಬರ್ಧ ಮಾಡಿದರೆ ಶ್ರಮವೆಲ್ಲ ವ್ಯರ್ಥ. ಮೊದಲು ಲ್ಯಾಟರಲ್‌ಗಳಿಗೆ ನೀರು ಹಂಚುವ ಸಬ್‌ಮೇನ್ ಪೈಪಿನ ಫ್ಲಶ್ ವಾಲ್ವ್ ತೆರೆದು ಅಲ್ಲಿ ತಿಳಿ ನೀರು ಬರುವವರೆಗೆ ಬಿಡಿ. ಆಮೇಲೆ ಲ್ಯಾಟರಲ್‌ಗಳ ಕೊನೆಯ ಮುಚ್ಚಳಗಳನ್ನು ತೆಗೆಯಿರಿ, ಆದರೆ ಎಲ್ಲವನ್ನೂ ಒಟ್ಟಿಗೆ ತೆಗೆಯಬೇಡಿ. ಎಲ್ಲ ಸಾಲುಗಳೂ ಬಾಯಿ ತೆರೆದರೆ ನೀರಿನ ವೇಗ ಬಿದ್ದುಹೋಗಿ ಕಸ ಅಲ್ಲಿಯೇ ಕೂತುಬಿಡುತ್ತದೆ. ಮೂರು ನಾಲ್ಕು ಸಾಲುಗಳನ್ನಷ್ಟೇ ತೆರೆದರೆ ಮೊದಲು ಹಾಲಿನಂತೆ ಬೆಳ್ಳಗೆ, ಮರಳಿನ ಹುಡಿಯೊಡನೆ ನೀರು ರಭಸದಿಂದ ಬಂದು ಒಂದೆರಡು ನಿಮಿಷದಲ್ಲಿ ತಿಳಿಯಾಗುತ್ತದೆ. ಅವನ್ನು ಮುಚ್ಚಿ ಮುಂದಿನವಕ್ಕೆ ಹೋಗಿ. ಅದಾದ ಮೇಲೂ 30 ಮಿಲಿಲೀಟರ್‌ನಲ್ಲೇ ನಿಂತ ಡ್ರಿಪ್ಪರ್‌ಗಳನ್ನು ಮಾತ್ರ ಬದಲಿಸಿ, ಇಡೀ ಪೈಪು ಬದಲಿಸುವ ಅಗತ್ಯವಿಲ್ಲ.

ಗಿಡಕ್ಕೆ ಅಪಾಯವೇ ಎಂದು ಕೇಳಿದ್ದೀರಿ. ಈ ಪ್ರಮಾಣದಲ್ಲಿ, ಆಗೊಮ್ಮೆ ಈಗೊಮ್ಮೆ ಬಿಟ್ಟು ಮರುದಿನ ಒಳ್ಳೆಯ ನೀರು ಕೊಟ್ಟರೆ ಬೆಳೆದ ಗಿಡಕ್ಕೆ ತೊಂದರೆಯಿಲ್ಲ. ಅಪಾಯವಿರುವುದು ಕೆಲಸ ಮಾಡುವವರಿಗೆ. ಯಾವಾಗಲೂ ನೀರಿಗೆ ಆಸಿಡ್ ಸುರಿಯಬೇಕು, ಆಸಿಡ್‌ಗೆ ನೀರು ಸುರಿದರೆ ಅದು ಕುದಿದು ಮುಖಕ್ಕೆ ಸಿಡಿಯುತ್ತದೆ. ರಬ್ಬರ್ ಕೈಗವಸು ಮತ್ತು ಕಣ್ಣಿಗೆ ಕನ್ನಡಕ ಇಲ್ಲದೆ ಡಬ್ಬಿಯ ಮುಚ್ಚಳವನ್ನೇ ತೆಗೆಯಬೇಡಿ, ಮಕ್ಕಳನ್ನು ಅತ್ತ ಬಿಡಬೇಡಿ. ಬ್ಲೀಚಿಂಗ್ ಪೌಡರ್ ಅಥವಾ ಬೇರೆ ಯಾವುದೇ ಕ್ಲೋರಿನ್ ವಸ್ತುವನ್ನು ಆಸಿಡ್ ಜೊತೆ, ಆಸಿಡ್ ಬಳಸಿದ ಡ್ರಮ್ಮಿನಲ್ಲಿ ಕೂಡ, ಎಂದೂ ಬೆರೆಸಬಾರದು, ವಿಷಾನಿಲ ಏಳುತ್ತದೆ. ಇದನ್ನು ತೋಟದ ಆಳುಗಳಿಗೆ ಬಾಯಿ ಮಾತಿನಲ್ಲಿ ಹೇಳಿ ಬಿಡಬೇಡಿ, ಪಕ್ಕದಲ್ಲಿ ನಿಂತು ಮಾಡಿಸಿ.

ಗೊಬ್ಬರದ ವಿಷಯದಲ್ಲಿಯೂ ಒಂದು ಮಾತು. ಸುಣ್ಣದ ನೀರಿನಲ್ಲಿ ರಂಜಕದ ಗೊಬ್ಬರ ಬಿಟ್ಟರೆ ಅದು ಪೈಪಿನೊಳಗೇ ಗಟ್ಟಿಯಾಗುವ ಸಂಭವವಿದೆ. ಕ್ಯಾಲ್ಸಿಯಂ ನೈಟ್ರೇಟನ್ನು 12:61:0 ಎಂಬ ರಂಜಕದ ಗೊಬ್ಬರದ ಜೊತೆಗಾಗಲಿ ಮೆಗ್ನೀಷಿಯಂ ಸಲ್ಫೇಟ್ ಜೊತೆಗಾಗಲಿ ಒಂದೇ ಡ್ರಮ್ಮಿನಲ್ಲಿ ಕಲಸುವುದಂತೂ ಬೇಡವೇ ಬೇಡ. ಹೊಸ ಗೊಬ್ಬರ ತಂದಾಗ ಗಾಜಿನ ಬಾಟಲಿಯಲ್ಲಿ ನಿಮ್ಮ ಬಾವಿಯ ನೀರಿಗೆ ಅದೇ ಪ್ರಮಾಣದಲ್ಲಿ ಕಲಸಿ ಒಂದೆರಡು ಗಂಟೆ ಇಟ್ಟು ನೋಡಿ, ತಳದಲ್ಲಿ ಬಿಳಿ ಗಷ್ಟು ಕೂತರೆ ಅದನ್ನು ಪೈಪಿಗೆ ಬಿಡಬೇಡಿ. ರಂಜಕಕ್ಕೆ ಯೂರಿಯಾ ಫಾಸ್ಫೇಟ್ ಬಳಸಿದರೆ ಅದರಲ್ಲಿರುವ ಆಮ್ಲ ಗುಣದಿಂದ ಪೈಪು ತಕ್ಕಮಟ್ಟಿಗೆ ಸ್ವಚ್ಛವಾಗಿಯೂ ಇರುತ್ತದೆ. ಗೊಬ್ಬರ ಬಿಟ್ಟಾದ ಮೇಲೆ ಕಡೆಯ ಹದಿನೈದು ಇಪ್ಪತ್ತು ನಿಮಿಷ ಬರೀ ನೀರು ಹರಿಯಲಿ.

ಉತ್ತರ: ಲಿಂಬೆ ಬೆಳೆಗಾರ, ಇಂಡಿ ತಾಲ್ಲೂಕು

ಚರ್ಚೆ ಚೆನ್ನಾಗಿ ನಡೆದಿದೆ. ನಮ್ಮ ವಿಜಯಪುರ ಜಿಲ್ಲೆಯ ಎರೆ ಭೂಮಿಯವರು ಇದನ್ನು ಓದಿ ದಿನಾ ನೀರು ಬಿಡಲು ತೊಡಗಬಾರದೆಂದು ಎರಡು ಮಾತು ಸೇರಿಸುತ್ತೇನೆ. ಎರೆ ಮಣ್ಣಿನಲ್ಲಿ ನೀರು ಅಡ್ಡಡ್ಡ ಹರಡುತ್ತದೆ, ನಿಧಾನವಾಗಿ ಇಂಗುತ್ತದೆ. ನಮ್ಮಲ್ಲಿ ಎರಡು ಮೂರು ದಿನಕ್ಕೊಮ್ಮೆ ಕೊಟ್ಟರೆ ಸಾಕು. ದಿನವೂ ಕೊಟ್ಟರೆ ಬೇರಿಗೆ ಗಾಳಿಯಾಡದೆ ಕೊಳೆ ಹತ್ತುತ್ತದೆ. ಹಾಗೆಂದು ನೆಲ ಬಿರುಕು ಬಿಡುವವರೆಗೆ ಒಣಗಿಸುವುದೂ ಸರಿಯಲ್ಲ. ಡ್ರಿಪ್ಪರ್‌ನ ಕೆಳಗೆ ಬೆರಳು ತೂರುವಷ್ಟು ಬಿರುಕು ಬಿದ್ದರೆ ಮುಂದಿನ ನೀರೆಲ್ಲ ಆ ಬಿರುಕಿನಲ್ಲಿ ಆಳಕ್ಕೆ ಇಳಿದುಹೋಗುತ್ತದೆ, ಮೇಲಿನ ಬೇರುಗಳು ಒಣಗಿಯೇ ಉಳಿಯುತ್ತವೆ.

ಹೊಸದುರ್ಗದವರ ಗರಸು ಮಣ್ಣಿನಲ್ಲಿ ಇದಕ್ಕೆ ತದ್ವಿರುದ್ಧ. ನೀರು ಅಗಲಕ್ಕೆ ಹರಡದೆ ನೇರ ಕೆಳಕ್ಕೆ ಇಳಿಯುತ್ತದೆ, ಆದ್ದರಿಂದ ಎರಡೇ ಡ್ರಿಪ್ಪರ್ ಇದ್ದರೆ ಬೇರಿನ ಬಹುಪಾಲು ಒಣ ಮಣ್ಣಿನಲ್ಲಿರುತ್ತದೆ. ನೀರು ಬಿಟ್ಟ ಮರುದಿನ ಡ್ರಿಪ್ಪರ್‌ನಿಂದ ಒಂದು ಅಡಿ ದೂರದಲ್ಲಿ ಗುದ್ದಲಿಯಿಂದ ಎರಡು ಅಡಿ ಆಳ ತೋಡಿ, ಮಣ್ಣನ್ನು ಹಿಡಿಯಲ್ಲಿ ಅದುಮಿ ನೋಡಿ. ಉಂಡೆ ಕಟ್ಟದೆ ಉದುರಿದರೆ ಅಲ್ಲಿಗೆ ನೀರು ತಲುಪಿಲ್ಲ. ಗಿಡಕ್ಕೆ ನಾಲ್ಕು ಡ್ರಿಪ್ಪರ್ ಮಾಡುವುದು ಒಳ್ಳೆಯದು. ಬಾವಿಯ ನೀರು ಅಷ್ಟೇ ಇರುವುದರಿಂದ ಗಂಟೆಗೆ 2 ಲೀಟರ್‌ನ ನಾಲ್ಕನ್ನು ಹಾಕಿದರೆ ಒಂದು ಎಕರೆಗೆ ಬೇಕಾಗುವ ನೀರು ಈಗಿನಷ್ಟೇ ಆಗುತ್ತದೆ.

ಕುಷ್ಟಗಿಯ ದಾಳಿಂಬೆ ಬೆಳೆಗಾರ

ಇಂಡಿಯವರ ನಾಲ್ಕು ಡ್ರಿಪ್ಪರ್‌ಗಳ ಸಲಹೆಯನ್ನು ಒಪ್ಪುತ್ತೇನೆ, 2 ಲೀಟರ್‌ನವುಗಳನ್ನು ಒಪ್ಪಲಾರೆ. ಅವುಗಳ ಒಳದಾರಿ ಇನ್ನೂ ಕಿರಿದಾಗಿರುತ್ತದೆ. ಇಂಥ ಸುಣ್ಣದ ನೀರಿನಲ್ಲಿ 4 ಲೀಟರ್‌ನವಕ್ಕಿಂತ ಬೇಗ ಕಟ್ಟಿಕೊಳ್ಳುತ್ತವೆ. ಅದರ ಬದಲು 4 ಲೀಟರ್‌ನ ನಾಲ್ಕನ್ನೇ ಹಾಕಿ, ಪ್ರತಿ ಎಕರೆಯನ್ನು ಎರಡು ಭಾಗ ಮಾಡಿ ಇನ್ನೊಂದು ವಾಲ್ವ್ ಇಡಿ. ಅರ್ಧ ಎಕರೆಯ 150 ಗಿಡಕ್ಕೆ ಗಂಟೆಗೆ 16 ಲೀಟರ್‌ನಂತೆ ಅದೇ 2,400 ಲೀಟರ್ ಬೇಕಾಗುತ್ತದೆ, ಸಮಯ ಅರ್ಧಕ್ಕಿಳಿಯುತ್ತದೆ. ಆರು ವಾಲ್ವ್ ತಿರುಗಿಸುವ ಓಡಾಟ ಹೆಚ್ಚುತ್ತದೆ, ರಾತ್ರಿಯ ವಿದ್ಯುತ್ತಿನಲ್ಲಿ ಅದು ನಿಜವಾಗಿಯೂ ಕಷ್ಟವೇ. ಆದರೂ ಕಟ್ಟಿಕೊಂಡ ಡ್ರಿಪ್ಪರ್ ಹುಡುಕುತ್ತಾ ತೋಟ ಸುತ್ತುವುದಕ್ಕಿಂತ ಇದು ಮೇಲು ಎಂಬುದು ನನ್ನ ಅನುಭವ.

ಡ್ರಿಪ್ಪರ್‌ಗಳನ್ನು ಸಸಿ ನೆಟ್ಟಾಗ ಇಟ್ಟಲ್ಲೇ ಬಿಟ್ಟಿದ್ದರೆ ಬುಡದಿಂದ ಒಂದೂವರೆ ಎರಡು ಅಡಿ ದೂರಕ್ಕೆ ಸರಿಸಿ. ದಾಳಿಂಬೆಯ ಕಾಂಡದ ಬುಡ ಸದಾ ಒದ್ದೆಯಾಗಿರಬಾರದು, ಸೊರಗು ರೋಗಕ್ಕೆ ಅದು ದಾರಿ ಮಾಡಿಕೊಡುತ್ತದೆ.

ನಿವೃತ್ತ ತೋಟಗಾರಿಕೆ ಅಧಿಕಾರಿ, ತುಮಕೂರು

ವಾಲ್ವ್ ಹೆಚ್ಚಿಸುವ ಸಲಹೆಯೇ ಈ ನೀರಿಗೆ ಸರಿ. ಇನ್ನೊಂದು ಸಂಗತಿಯನ್ನು ಯಾರೂ ಹೇಳಲಿಲ್ಲವಾದ್ದರಿಂದ ಸೇರಿಸುತ್ತೇನೆ. ಹನಿ ನೀರು ಒದ್ದೆ ಮಾಡಿದ ಮಣ್ಣಿನ ಅಂಚಿನಲ್ಲಿ ಬೇಸಿಗೆಯುದ್ದಕ್ಕೂ ಲವಣ ಬಂದು ಸೇರುತ್ತದೆ. ಮಾರ್ಚ್–ಏಪ್ರಿಲ್ ಹೊತ್ತಿಗೆ ಗಿಡದ ಸುತ್ತ ಬಳೆಯ ಆಕಾರದಲ್ಲಿ ಬೆಳ್ಳಗೆ ಕಾಣುವುದು ಅದೇ. ಬೇಸಿಗೆ ಮಳೆಯ ಮೊದಲ ಹದ ಬಿದ್ದಾಗ ಎಲ್ಲರೂ ಮೋಟಾರ್ ನಿಲ್ಲಿಸುತ್ತಾರೆ. ಸಣ್ಣ ಮಳೆಯಾದರೆ ಆ ಲವಣ ಕರಗಿ, ಆಳಕ್ಕೆ ಇಳಿಯದೆ, ಒಳಗೆ ಬೇರಿನ ಕಡೆಗೆ ಸರಿಯುತ್ತದೆ. ನಾಲ್ಕೈದು ದಿನದಲ್ಲಿ ಎಲೆಯ ಅಂಚು ಸುಟ್ಟಂತಾದಾಗ ರೋಗವೆಂದು ಔಷಧ ಹೊಡೆಯುತ್ತಾರೆ. ಆದ್ದರಿಂದ ಮೊದಲ ಒಂದೆರಡು ಸಣ್ಣ ಮಳೆಯ ಹೊತ್ತಿನಲ್ಲಿ ವಿದ್ಯುತ್ ಇದ್ದರೆ ಡ್ರಿಪ್ ನಿಲ್ಲಿಸಬೇಡಿ. ಬೇರಿನ ಭಾಗದಿಂದ ಹೊರಕ್ಕೆ ಮತ್ತು ಕೆಳಕ್ಕೆ ಹರಿಯುವ ನೀರು ಲವಣವನ್ನು ಒಳಗೆ ಬರಗೊಡುವುದಿಲ್ಲ. ಕಾಯಿ ಮಾಗುತ್ತಿರುವ ತೋಟದಲ್ಲಿ ಮಾತ್ರ ಸೀಳುವ ಭಯವಿರುವುದರಿಂದ ಅರ್ಧ ಗಂಟೆಗೆ ಮೀರಬೇಡಿ.

ಹೊಸದುರ್ಗದ ಬೆಳೆಗಾರ

ತಮಗೆಲ್ಲರಿಗೂ ಹೃತ್ಪೂರ್ವಕ ನಮಸ್ಕಾರಗಳು. ಈ ವಾರ ಒಂದು ಎಕರೆಗೆ ಆಸಿಡ್ ಚಿಕಿತ್ಸೆ ಮಾಡಿ ತೊಳೆದು ಅಳೆಯುತ್ತೇನೆ, ಅಂಕಿ ಸರಿ ಬಂದರೆ ಉಳಿದ ಎರಡು ಎಕರೆಗೆ ಮುಂದುವರಿಯುತ್ತೇನೆ. ಹಿಂಬದಿಯ ಎಕರೆಗೆ ಮೊದಲು ಎರಡನೇ ವಾಲ್ವ್ ಹಾಕಿಸಿ ನಾಲ್ಕು ಡ್ರಿಪ್ಪರ್ ಮಾಡುತ್ತೇನೆ. ಈ ಸಲ ಹಸ್ತ ಬಹಾರ್ ಹಿಡಿಯುವುದೆಂದು ಮನೆಯಲ್ಲಿಯೂ ಮಾತಾಗಿದೆ. ಹೂ ಕಚ್ಚಿದ ಮೇಲಿನ ಅಳತೆಗಳನ್ನು ಇಲ್ಲಿಯೇ ಬರೆಯುತ್ತೇನೆ.